ಡಿಸೈನರ್ ವಿನೈಲ್ ಗೊಂಬೆಗಳು ಮತ್ತು ಕಸ್ಟಮ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮನ್ನಿ, ಡನ್ನಿ, ಬೇರ್‌ಬ್ರಿಕ್, ಲಬುಬು ಇಂಥ ಗೊಂಬೆಗಳನ್ನು ಕೊಳ್ಳುವವರೂ ಅವಕ್ಕೆ ಬಣ್ಣ ಹಚ್ಚಿ ತಮ್ಮದೇ ರೂಪ ಕೊಡುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕಸ್ಟಮ್ ಕೆಲಸ ಕೆಡುವುದು ಚಿತ್ರ ಬರೆಯಲು ಬಾರದ್ದರಿಂದಲ್ಲ. ಗೊಂಬೆ ಯಾವ ಪ್ಲಾಸ್ಟಿಕ್‌ನದು ಎಂದು ನೋಡದೆ ಕೈಗೆ ಸಿಕ್ಕ ಬಣ್ಣ ಹಚ್ಚಿದಾಗ ಕೆಡುತ್ತದೆ. ಹಾಗಾಗಿ ಬಣ್ಣ, ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳಪದರ), ಕೀಲುಗಳ ಪ್ರಶ್ನೆಗಳಿಗೇ ಇಲ್ಲಿ ಹೆಚ್ಚು ಜಾಗ.

ಡಿಸೈನರ್ ಟಾಯ್ ಅಂದರೆ ಯಾವುದು? ಅಂಗಡಿಯ ಮಾಮೂಲಿ ಗೊಂಬೆಗೂ ಇದಕ್ಕೂ ಏನು ವ್ಯತ್ಯಾಸ?

ಸಿನಿಮಾ ಅಥವಾ ಕಾರ್ಟೂನಿನ ಪಾತ್ರವಲ್ಲ, ಒಬ್ಬ ಕಲಾವಿದನ ಸ್ವಂತ ಪಾತ್ರ. ಸೀಮಿತ ಸಂಖ್ಯೆಯಲ್ಲಿ ತಯಾರಾಗಿ, ದೊಡ್ಡವರು ಸಂಗ್ರಹಿಸಲೆಂದೇ ಮಾರಾಟವಾಗುವಂಥದ್ದು. ಇದು ಶುರುವಾದದ್ದು 1990ರ ದಶಕದ ಕೊನೆಯಲ್ಲಿ, ಹಾಂಗ್‌ಕಾಂಗ್ ಮತ್ತು ಟೋಕಿಯೊದಲ್ಲಿ. ಹಾಂಗ್‌ಕಾಂಗ್‌ನ ಕಲಾವಿದ ಮೈಕಲ್ ಲೌ ಜಿಐ ಜೋ ಎಂಬ ಅಮೆರಿಕನ್ ಸೈನಿಕ ಗೊಂಬೆಯ ಮಾದರಿಯ 12 ಇಂಚಿನ ಗೊಂಬೆಗಳಿಗೆ ತಾನೇ ತಲೆ, ಬಟ್ಟೆ, ಶೂ ಮಾಡಿ ಹಾಕಿ 1999ರಲ್ಲಿ ‘ಗಾರ್ಡನರ್’ ಸರಣಿಯನ್ನು ಪ್ರದರ್ಶನಕ್ಕಿಟ್ಟರು. ಈ ಇಡೀ ಕಲೆ ಹುಟ್ಟಿದ್ದೇ ಕಸ್ಟಮ್ ಕೆಲಸದಿಂದ ಅನ್ನಬಹುದು. ಅದೇ ವರ್ಷ ನ್ಯೂಯಾರ್ಕಿನ ಕಲಾವಿದ ಕಾಸ್ ಟೋಕಿಯೊದ ಬೌಂಟಿ ಹಂಟರ್ ಎಂಬ ಬ್ರ್ಯಾಂಡ್ ಜೊತೆ ಸೇರಿ ‘ಕಂಪ್ಯಾನಿಯನ್’ ಗೊಂಬೆ ಹೊರತಂದರು. 2001ರಲ್ಲಿ ಜಪಾನಿನ ಮೆಡಿಕಾಮ್ ಟಾಯ್ ಕಂಪನಿಯ ಬೇರ್‌ಬ್ರಿಕ್ ಬಂತು. 2002ರಲ್ಲಿ ಪಾಲ್ ಬುಡ್ನಿಟ್ಜ್ ಅಮೆರಿಕದಲ್ಲಿ ಕಿಡ್‌ರೋಬೋಟ್ ಕಂಪನಿ ಆರಂಭಿಸಿದರು. ಟ್ರಿಸ್ಟನ್ ಈಟನ್ ಜೊತೆ ಅವರು ರೂಪಿಸಿದ ಡನ್ನಿ 2004ರಲ್ಲಿ ಬಂತು, ಅದರ ಬೆನ್ನಿಗೇ ಖಾಲಿ ಬಿಳಿ ಗೊಂಬೆ ಮನ್ನಿ.

ಫಂಕೊ ಪಾಪ್ ಕೂಡ ಇದೇ ಲೆಕ್ಕಕ್ಕೆ ಬರುತ್ತದಾ?

ಇಲ್ಲ. ಅದು ಸಿನಿಮಾ, ಕಾರ್ಟೂನಿನಂಥವುಗಳಿಂದ ಪರವಾನಗಿ ಪಡೆದ ಪಾತ್ರಗಳ ಗೊಂಬೆ. ಆದರೆ ವಿನೈಲ್ (ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್) ಒಂದೇ ಜಾತಿಯದು, ಆದ್ದರಿಂದ ಅಭ್ಯಾಸಕ್ಕೆ ಬಹಳ ಒಳ್ಳೆಯದು. ಪೆಟ್ಟಿಗೆ ಹಾಳಾದ ಪಾಪ್‌ಗೆ ಸಂಗ್ರಹಕಾರರು ಬೆಲೆ ಕೊಡುವುದಿಲ್ಲ. ಅಂಥದ್ದನ್ನೇ ಅಗ್ಗಕ್ಕೆ ಹುಡುಕಿ.

ಮೊದಲ ಸಲ ಯಾವ ಗೊಂಬೆ ತಗೊಳ್ಳಲಿ?

7 ಇಂಚಿನ ಮನ್ನಿ. ಮುಖ ಅಗಲ, ಮೈ ನುಣುಪು, ತಲೆ ಮತ್ತು ಕೈಗಳು ಬಿಚ್ಚಿ ಬರುತ್ತವೆ. 3 ಇಂಚಿನ ಡನ್ನಿ ಅಗ್ಗ ಅಂತ ಅದರಿಂದ ಶುರು ಮಾಡುವವರು ಹೆಚ್ಚು. ಆದರೆ ಅಷ್ಟು ಚಿಕ್ಕ ಮುಖದ ಮೇಲೆ 000 ಎಂಬ ಅತಿ ಸಣ್ಣ ಬ್ರಷ್‌ನ ಗೆರೆಯೂ ದಪ್ಪ ಕಾಣುತ್ತದೆ. 20 ಇಂಚಿನದು ಬೇಡವೇ ಬೇಡ. ಅಷ್ಟು ದೊಡ್ಡ ಮೈಗೆ ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದೆ ಒಂದೇ ಸಮನಾಗಿ ಬಣ್ಣ ಕೂರಿಸಲಾಗದು.

ಬೇರ್‌ಬ್ರಿಕ್ ತೆಗೆದುಕೊಳ್ಳುವುದಾದರೆ ಒಂದು ವಿಷಯ ಗೊತ್ತಿರಲಿ. ಅದರ ಗಾತ್ರವನ್ನು ಶೇಕಡಾದಲ್ಲಿ ಹೇಳುತ್ತಾರೆ: 100% ಅಂದರೆ 7 ಸೆಂ.ಮೀ. ಎತ್ತರ, 400% ಅಂದರೆ 28 ಸೆಂ.ಮೀ., 1000% ಅಂದರೆ 70 ಸೆಂ.ಮೀ. ಅದು ಹೆಚ್ಚಾಗಿ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು, ಮೆತ್ತನೆಯ ವಿನೈಲ್ ಅಲ್ಲ. ಮಾಡೆಲ್ ಕಿಟ್‌ಗಳಿಗೆ ಬಳಸುವ ಸ್ಪ್ರೇ ಪ್ರೈಮರ್ ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಕೆಳಗೆ ಜಿಗುಟಿನ ಬಗ್ಗೆ ಹೇಳಿರುವುದು ಅದಕ್ಕೆ ಅನ್ವಯಿಸದು. ಅಸಿಟೋನ್‌ನ ವಿಷಯದಲ್ಲಿ ಮಾತ್ರ ತದ್ವಿರುದ್ಧ: ವಿನೈಲ್ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಎಬಿಎಸ್ ಕರಗಿಯೇ ಹೋಗುತ್ತದೆ.

ಬಣ್ಣ ಹಚ್ಚಿ ಎರಡು ತಿಂಗಳಾದರೂ ಗೊಂಬೆ ಕೈಗೆ ಅಂಟುತ್ತದೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಉತ್ತರ ಗೊಂಬೆ ತಯಾರಾಗುವ ರೀತಿಯಲ್ಲಿದೆ.

ಕಲಾವಿದನ ಮೂಲ ಶಿಲ್ಪದಿಂದ ಮೇಣದ ಪ್ರತಿ ತೆಗೆದು, ಅದರ ಮೇಲೆ ವಿದ್ಯುತ್ ಲೇಪನದಿಂದ ತಾಮ್ರ ಅಥವಾ ನಿಕ್ಕಲ್ ಕೂರಿಸಿ ಲೋಹದ ಅಚ್ಚು ಮಾಡುತ್ತಾರೆ. ಅಚ್ಚಿನೊಳಗೆ ಪ್ಲಾಸ್ಟಿಸಾಲ್ ಎಂಬ ದ್ರವ ಹೋಗುತ್ತದೆ. ಅದು ಪಿವಿಸಿ ಪುಡಿ ಮತ್ತು ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ರಾಸಾಯನಿಕದ ಮಿಶ್ರಣ. ಅಚ್ಚನ್ನು ಬಿಸಿ ಮಾಡಿದಾಗ ಗೋಡೆಗೆ ತಾಗಿದ ದ್ರವ ಗಟ್ಟಿಯಾಗುತ್ತದೆ. ಒಳಗೆ ಉಳಿದದ್ದನ್ನು ಸುರಿದುಬಿಟ್ಟು, ಮತ್ತೆ ಬಿಸಿ ಮಾಡಿ, ಬಿಸಿಯಿರುವಾಗಲೇ ಇಕ್ಕಳದಿಂದ ಹಿಡಿದು ಎಳೆಯುತ್ತಾರೆ. ಜಪಾನಿನಲ್ಲಿ ಸೊಫುಬಿ ಎನ್ನುವ ಗೊಂಬೆಗಳನ್ನು ಇಂದಿಗೂ ಹೀಗೆ ಕೈಯಲ್ಲೇ ಎಳೆದು ತೆಗೆಯುತ್ತಾರೆ. ಕಿಬ್ಬದಿ, ಕಿವಿಯ ಮಡಿಕೆ ಇಂಥ ಒಳಸರಿದ ಆಕಾರಗಳೂ ಒಂದೇ ಅಚ್ಚಿನಿಂದ ಬರುವುದು ಗೊಂಬೆ ಆಗ ಮೆತ್ತಗಿರುವುದರಿಂದಲೇ.

ಆ ಪ್ಲಾಸ್ಟಿಸೈಜರ್ ಪಿವಿಸಿಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ. ಸುಮ್ಮನೆ ನಡುವೆ ಸೇರಿಕೊಂಡಿರುತ್ತದೆ, ನಿಧಾನವಾಗಿ ಹೊರಮೈಗೆ ಬರುತ್ತಲೇ ಇರುತ್ತದೆ. ಮೇಲೆ ಎನಾಮೆಲ್ ಅಥವಾ ಮಾಮೂಲಿ ಸ್ಪ್ರೇ ಪೇಂಟ್ ಇದ್ದರೆ ಅದರೊಳಗೆ ಹೊಕ್ಕು ಬಣ್ಣವನ್ನೂ ಮೆತ್ತಗೆ ಮಾಡುತ್ತದೆ. ಸ್ಪ್ರೇಯಲ್ಲಿರುವ ಥಿನ್ನರ್ ವಿನೈಲ್‌ನ ಮೇಲ್ಮೈಯನ್ನು ಸಡಿಲಿಸಿ ಇನ್ನಷ್ಟನ್ನು ಮೇಲಕ್ಕೆಳೆಯುತ್ತದೆ. ಹೀಗಾಗಿ ಆ ಬಣ್ಣ ತಡವಾಗಿ ಒಣಗುವುದಲ್ಲ, ಒಣಗುವುದೇ ಇಲ್ಲ. ಬಿಸಿಲಿಗಿಟ್ಟರೆ ಜಿಗುಟು ಹೆಚ್ಚುತ್ತದೆಯೇ ಹೊರತು ಹೋಗದು.

ಮೇಲೊಂದು ವಾರ್ನಿಶ್ ಹೊಡೆದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸ್ವಲ್ಪ ದಿನದ ಮಟ್ಟಿಗೆ ಹೌದು, ಆಮೇಲೆ ವಾರ್ನಿಶ್ಶೂ ಅಂಟತೊಡಗುತ್ತದೆ. ಪೂರ್ತಿ ಕಿತ್ತು ಹೊಸದಾಗಿ ಹಚ್ಚುವುದೊಂದೇ ದಾರಿ.

ಹಾಗಾದರೆ ಯಾವ ಬಣ್ಣ ಹಚ್ಚಬೇಕು?

ನೀರಿನಲ್ಲಿ ಬೆರೆಯುವ ಅಕ್ರಿಲಿಕ್. ಲಿಕ್ವಿಟೆಕ್ಸ್, ಗೋಲ್ಡನ್, ವಲೆಹೊ ಬಣ್ಣಗಳು ಒಳ್ಳೆಯವು. ಸ್ಟೇಷನರಿ ಅಂಗಡಿಯ ಕ್ಯಾಮೆಲ್, ಫೆವಿಕ್ರಿಲ್ ಅಕ್ರಿಲಿಕ್‌ಗಳೂ ನಡೆಯುತ್ತವೆ. ಅವುಗಳಲ್ಲಿ ವರ್ಣದ ಕಣ ಸ್ವಲ್ಪ ದಪ್ಪ, ಬಿಳಿ ಮತ್ತು ಹಳದಿಗೆ ಎರಡು ಕೋಟ್ ಹೆಚ್ಚು ಬೇಕಾಗುತ್ತದೆ, ಅಷ್ಟೇ. ಆದರೆ ಪ್ರೈಮರ್ ಇಲ್ಲದೆ ನೇರವಾಗಿ ಹಚ್ಚಿದ ಅಕ್ರಿಲಿಕ್ ವಿನೈಲ್ ಮೇಲೆ ಸಿಪ್ಪೆಯಾಗಿ ಏಳುತ್ತದೆ. ವಲೆಹೊದ ಅಕ್ರಿಲಿಕ್-ಪಾಲಿಯುರೆಥೇನ್ ಪ್ರೈಮರ್ ಅನ್ನು ಬ್ರಷ್‌ನಲ್ಲೂ ಹಚ್ಚಬಹುದು, ಏರ್‌ಬ್ರಷ್‌ನಲ್ಲೂ ಹೊಡೆಯಬಹುದು. ಅದಕ್ಕೆ 24 ಗಂಟೆ ಬಿಡಿ. ಮುಟ್ಟಿದರೆ ಒಣಗಿದಂತೆ ಕಾಣುವುದು ಅರ್ಧ ಗಂಟೆಗೇ, ಆದರೆ ಆಗ ಸ್ಯಾಂಡ್‌ಪೇಪರ್ ತಾಗಿಸಿದರೆ ರಬ್ಬರಿನಂತೆ ಹರಿದು ಬರುತ್ತದೆ.

ಇನ್ನೊಂದು ದಾರಿ ವಿನೈಲ್‌ಗೆಂದೇ ಮಾಡಿದ ಬಣ್ಣ: ಜಪಾನಿನ ವಿ-ಕಲರ್, ಅಮೆರಿಕದ ಮಾನ್‌ಸ್ಟರ್ ಕಲರ್. ಇವು ಥಿನ್ನರ್ ಆಧಾರಿತವೇ, ಆದರೂ ಅಂಟುವುದಿಲ್ಲ. ಅವು ಮೇಲೆ ಕೂರದೆ ವಿನೈಲ್‌ಗೇ ಕಚ್ಚಿಕೊಂಡು ಒಂದಾಗುತ್ತವೆ, ಪ್ರೈಮರ್ ಬೇಡ. ಸೊಫುಬಿ ಗೊಂಬೆಗಳ ಮೇಲಿನ ಪಾರದರ್ಶಕ, ಲೋಹದ ಹೊಳಪಿನ ಪದರಗಳು ಬರುವುದು ಇಂಥವುಗಳಿಂದ. ವಾಸನೆ ಮಾತ್ರ ಬಹಳ ಘಾಟು. ಕಿಟಕಿ ತೆರೆದರೆ ಸಾಲದು. ಎಕ್ಸಾಸ್ಟ್ ಫ್ಯಾನ್ ಮತ್ತು ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ (ದ್ರಾವಕದ ಆವಿ ಹೀರುವ ಫಿಲ್ಟರ್) ಇರುವ ರೆಸ್ಪಿರೇಟರ್ ಇಲ್ಲದಿದ್ದರೆ ಇದರ ಸಹವಾಸ ಬೇಡ. ಬಟ್ಟೆಯ ಮಾಸ್ಕ್ ಯಾವ ಪ್ರಯೋಜನಕ್ಕೂ ಬಾರದು.

ಯಾವ ಹೊಸ ಬಾಟಲಿ ತಂದರೂ ಮೊದಲು ತಲೆ ಬಿಚ್ಚಿ ಕುತ್ತಿಗೆಯ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ. ಒಂದು ವಾರ ಬೆಚ್ಚಗಿನ ಕಡೆ ಇಡಿ. ಹೆಬ್ಬೆರಳನ್ನು 10 ಸೆಕೆಂಡ್ ಒತ್ತಿ ಹಿಡಿದು ತೆಗೆದಾಗ ಬೆರಳಚ್ಚು ಮೂಡಿದರೆ ಆ ಬಣ್ಣ ಬೇಡ. ಮೂಡದಿದ್ದರೆ ಬ್ಲೇಡಿನಿಂದ ನಾಲ್ಕು ಅಡ್ಡ, ನಾಲ್ಕು ಉದ್ದ ಗೀರು ಎಳೆದು, ಮೇಲೆ ಸೆಲ್ಲೋಟೇಪ್ ಅಂಟಿಸಿ ಒಮ್ಮೆಲೇ ಕೀಳಿ. ಟೇಪಿನ ಜೊತೆ ಚೌಕಗಳು ಎದ್ದು ಬಂದರೆ ದೋಷ ಹೆಚ್ಚಾಗಿ ಬಣ್ಣದ್ದಲ್ಲ. ಗೊಂಬೆ ಸರಿಯಾಗಿ ತೊಳೆದಿಲ್ಲ, ಇಲ್ಲವೇ ಅಕ್ರಿಲಿಕ್‌ನ ಕೆಳಗೆ ಪ್ರೈಮರ್ ಹಚ್ಚಿಲ್ಲ.

ಶುರುವಿನಿಂದ ಕೊನೆಯವರೆಗೆ ಕ್ರಮ ಹೇಳಿ.

7 ಇಂಚಿನ ಮನ್ನಿ, ಬ್ರಷ್ ಕೆಲಸ ಎಂದಿಟ್ಟುಕೊಳ್ಳಿ.

1. ಬಿಚ್ಚುವುದು. ಕುತ್ತಿಗೆ ಮತ್ತು ಭುಜಕ್ಕೆ ಹೇರ್ ಡ್ರೈಯರ್‌ನಿಂದ 2–3 ನಿಮಿಷ ಬಿಸಿ ಕೊಡಿ, ಇಲ್ಲವೇ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ 3–4 ನಿಮಿಷ ಮುಳುಗಿಸಿ. ತಿರುಗಿಸುತ್ತಾ ಎಳೆಯಿರಿ. ತಣ್ಣಗಿರುವಾಗ ಎಳೆದರೆ ಕೀಲಿನ ತಲೆ ತುಂಡಾಗಿ ಒಳಗೇ ಉಳಿಯುತ್ತದೆ. ನೀರಿನಲ್ಲಿ ಮುಳುಗಿಸಿದ್ದರೆ ಟೊಳ್ಳಿನೊಳಗೆ ಹೋದ ನೀರನ್ನು ಪೂರ್ತಿ ಅಲ್ಲಾಡಿಸಿ ತೆಗೆಯಿರಿ.

2. ತೊಳೆಯುವುದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ಅಚ್ಚಿನಿಂದ ಬಂದ ಜಿಡ್ಡು ಮತ್ತು ಕೈಯ ಎಣ್ಣೆ ಹೋಗಬೇಕು. ಒಂದು ರಾತ್ರಿ ಒಣಗಲು ಬಿಟ್ಟು, ಮೆಡಿಕಲ್ ಶಾಪಿನ ಐಸೊಪ್ರೊಪಿಲ್ ಆಲ್ಕೊಹಾಲ್‌ನಿಂದ ಒರೆಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ.

3. ಉಜ್ಜುವುದು. ಜೋಡಣೆಯ ಗೆರೆ ಇದ್ದರೆ 400 ಗ್ರಿಟ್ ಸ್ಯಾಂಡ್‌ಪೇಪರ್ (ಸಂಖ್ಯೆ ಹೆಚ್ಚಿದಷ್ಟೂ ನಯ), ಆಮೇಲೆ ಇಡೀ ಮೈಗೆ 600 ಗ್ರಿಟ್, ಎರಡೂ ನೀರು ಹಾಕಿಯೇ. ಹೊಳಪು ಹೋಗಿ ಮಂಕಾದರೆ ಸಾಕು. ಒಣದಾಗಿ ಉಜ್ಜಿದರೆ ವಿನೈಲ್ ಧೂಳು ಮೂಗಿಗೆ ಹೋಗುತ್ತದೆ.

4. ಪ್ರೈಮರ್. ತೆಳುವಾಗಿ ಎರಡು ಕೋಟ್, ನಡುವೆ ಒಂದು ಗಂಟೆ. ಕೊನೆಗೆ 24 ಗಂಟೆ.

5. ಬಣ್ಣ. ಹಾಲಿನಷ್ಟು ತೆಳು ಮಾಡಿ. ಮೊದಲ ಕೋಟ್ ಪಟ್ಟೆ ಪಟ್ಟೆಯಾಗಿಯೇ ಕಾಣುತ್ತದೆ, ಗಾಬರಿಯಾಗಿ ಮೇಲೆ ಮೇಲೆ ತಿಕ್ಕಬೇಡಿ. ಮೂರು-ನಾಲ್ಕು ಕೋಟ್‌ಗೆ ತಾನಾಗಿ ಸಮವಾಗುತ್ತದೆ. ಏರ್‌ಬ್ರಷ್ ಇದ್ದರೆ 0.3 ಮಿ.ಮೀ. ನಾಜಲ್, 15ರಿಂದ 20 ಪಿಎಸ್‌ಐ. ಒತ್ತಡ ಅದಕ್ಕಿಂತ ಹೆಚ್ಚಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮೈಮೇಲೆ ಪುಡಿಪುಡಿಯಾಗಿ ಕೂರುತ್ತದೆ.

6. ವಾರ್ನಿಶ್. ಬಣ್ಣ ಮುಗಿದ ಎರಡು ದಿನದ ಮೇಲೆ, ನೀರಿನ ಆಧಾರದ್ದು, ತೆಳುವಾಗಿ ಎರಡು ಕೋಟ್.

ಜೋಡಿಸಿ ಕೈ ತಿರುಗಿಸಿದ ಕೂಡಲೇ ಭುಜದ ಬಣ್ಣ ಕೆತ್ತಿ ಬಂತು!

ಬಣ್ಣ, ಪ್ರೈಮರ್, ವಾರ್ನಿಶ್ ಎಲ್ಲ ಸೇರಿ ಪದರಕ್ಕೆ ದಪ್ಪ ಬಂದಿರುತ್ತದೆ, ಕೀಲಿನಲ್ಲಿ ಅಷ್ಟು ಜಾಗ ಇರುವುದಿಲ್ಲ. ಬಣ್ಣಕ್ಕೆ ಮೊದಲೇ ಕೀಲಿನ ಒಳಗೋಡೆ ಮತ್ತು ಕೈಯ ಅಂಚನ್ನು 400 ಗ್ರಿಟ್‌ನಿಂದ ತುಸು ತೆಗೆಯಿರಿ. ಒಂದಕ್ಕೊಂದು ಉಜ್ಜುವ ಭಾಗಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಲಿ ಬಣ್ಣವೇ ಬೇಡ. ಜೋಡಿಸುವಾಗ ಕೈಯನ್ನಲ್ಲ, ಮೈಯ ತೂತಿನ ಸುತ್ತ ಒಳಗಿನಿಂದ ಬಿಸಿ ಕೊಡಿ. ಇಷ್ಟಾಗಿಯೂ ಬಿಗಿ ಅನಿಸಿದರೆ ತಿರುಗದಂತೆ ಅಂಟಿಸಿಬಿಡುವುದೇ ಮೇಲು. ಪ್ರದರ್ಶನಕ್ಕಿಡುವ ಗೊಂಬೆಯ ಕೈ ತಿರುಗಲೇಬೇಕೆಂಬ ಹಟ ಯಾಕೆ?

ಕೊಂಬು, ಕೂದಲು, ಬಟ್ಟೆಯ ಮಡಿಕೆ ಸೇರಿಸಲು ಏನು ಬಳಸಲಿ?

ಎರಡು ಭಾಗದ ಎಪಾಕ್ಸಿ ಪುಟ್ಟಿ. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಒರಟು ಕೆಲಸಕ್ಕೆ ಸಾಕು, ಬೇಗ ಬಿಗಿಯುತ್ತದೆ. ಮುಖದ ಸೂಕ್ಷ್ಮ ಕೆಲಸಕ್ಕೆ ಎಪಾಕ್ಸಿ ಸ್ಕಲ್ಪ್ಟ್ ಜಾತಿಯದು ಬೇಕು. ಒಂದು ಗಂಟೆಗೂ ಹೆಚ್ಚು ಕಾಲ ಮಿದುವಾಗಿರುತ್ತದೆ, ಒದ್ದೆ ಬೆರಳಿನಿಂದ ನುಣುಪು ಮಾಡಬಹುದು, 24 ಗಂಟೆಗೆ ಕಲ್ಲಾಗುತ್ತದೆ. ಎರಡೂ ಭಾಗ ಸರಿಸಮ ಇರಲಿ. ಬಣ್ಣ ಪೂರ್ತಿ ಒಂದೇ ಆಗುವವರೆಗೆ ನಾದದಿದ್ದರೆ ನಡುನಡುವೆ ಮೆತ್ತನೆಯ ಗೆರೆಗಳು ಹಾಗೇ ಉಳಿಯುತ್ತವೆ.

ತೊಂದರೆ ಬರುವುದು ಹಿಡಿತದಲ್ಲಿ. ವಿನೈಲ್ ಒತ್ತಿದರೆ ಬಾಗುತ್ತದೆ, ಪುಟ್ಟಿ ಬಾಗುವುದಿಲ್ಲ. ಅಪ್ಪಚ್ಚಿ ಮಾಡಿದಾಗ ಕೊಂಬು ಬುಡಸಮೇತ ಟಕ್ಕನೆ ಕಳಚಿಕೊಳ್ಳುತ್ತದೆ. ಅಂಟಿಸುವ ಜಾಗದಲ್ಲಿ ಬ್ಲೇಡಿನಿಂದ ಅಡ್ಡಡ್ಡ ಗೀರಿ, 1 ಮಿ.ಮೀ. ತೂತು ಎರಡು ಕೊರೆದು ತಂತಿ ತೂರಿಸಿ, ಒಳಗಡೆ ಮಡಿಸಿ, ಅದರ ಮೇಲೆ ಪುಟ್ಟಿ ಕಟ್ಟಿ. ತಲೆ ಭಾರವಾಗಿ ಗೊಂಬೆ ಮುಗ್ಗರಿಸಿದರೆ ಪಾದದೊಳಗೆ ಒಂದಿಷ್ಟು ಕಬ್ಬಿಣದ ಗುಂಡು ಅಥವಾ ವಾಷರ್ ಹಾಕಿ ಎಪಾಕ್ಸಿ ಅಂಟಿನಿಂದ ಕೂರಿಸಿ.

ಓವನ್‌ನಲ್ಲಿ ಬೇಯಿಸುವ ಪಾಲಿಮರ್ ಕ್ಲೇಗೆ (ಶಾಖಕ್ಕೆ ಗಟ್ಟಿಯಾಗುವ ಪ್ಲಾಸ್ಟಿಕ್ ಜೇಡಿ) ಸುಮಾರು 130 ಡಿಗ್ರಿ ಬೇಕು. ಅಷ್ಟು ಶಾಖಕ್ಕೆ ವಿನೈಲ್ ಕುಸಿದು ಸೊಟ್ಟಗಾಗುತ್ತದೆ. ಕೊಂಬನ್ನು ತಂತಿಯ ಮೇಲೆ ಬೇರೆಯಾಗಿ ಮಾಡಿ, ಬೇಯಿಸಿ, ಆಮೇಲೆ ಸೇರಿಸಿ.

ಕಂಪನಿ ಹಚ್ಚಿದ ಬಣ್ಣ ತೆಗೆಯುವುದು ಹೇಗೆ?

ಅಸಿಟೋನ್ ಅದ್ದಿದ ಹತ್ತಿಯಿಂದ, 10–15 ಸೆಕೆಂಡಿನ ಸಣ್ಣ ಸಣ್ಣ ಸರದಿಯಲ್ಲಿ. ಹತ್ತಿಯನ್ನು ಪದೇ ಪದೇ ಬದಲಿಸಿ, ಇಲ್ಲದಿದ್ದರೆ ಕರಗಿದ ಕಪ್ಪು ಬಣ್ಣ ಬಿಳಿ ವಿನೈಲ್‌ಗೆ ಇಳಿದು ಕಲೆಯಾಗುತ್ತದೆ. ಗೊಂಬೆಯನ್ನು ಅಸಿಟೋನ್‌ನಲ್ಲಿ ನೆನೆಸಿಡಬಾರದು, ಉಬ್ಬಿ ಮೆತ್ತಗಾಗುತ್ತದೆ. ಮುಗಿದ ಮೇಲೆ ಸೋಪಿನಲ್ಲಿ ತೊಳೆದು ಒಂದು ದಿನ ಗಾಳಿಗೆ ಬಿಡಿ. ಕಣ್ಣು, ಬಾಯಿ ಮಾತ್ರ ಬದಲಿಸುವುದಾದರೆ ತೆಗೆಯುವ ಶ್ರಮವೇ ಬೇಡ. 600 ಗ್ರಿಟ್‌ನಿಂದ ಅಂಚು ಸವರಿ ಮೇಲೆಯೇ ಪ್ರೈಮರ್ ಹಚ್ಚಿ. ಲಬುಬುವಿಗೆ ಇದೇ ಸೂಕ್ತ: ಮುಖ, ಕೈ, ಪಾದ ಮಾತ್ರ ವಿನೈಲ್, ಸುತ್ತ ತುಪ್ಪಳ. ಅದಕ್ಕೆ ಅಸಿಟೋನ್ ಹರಿದರೆ ಕೂದಲು ಗಂಟುಕಟ್ಟುತ್ತದೆ. ಮುಖದ ಸುತ್ತ ಮಾಸ್ಕಿಂಗ್ ಟೇಪ್, ಅದರಾಚೆ ಕ್ಲಿಂಗ್ ಫಿಲ್ಮ್ ಸುತ್ತಿ ಕೆಲಸ ಮಾಡಿ.

ಮಳೆಗಾಲದಲ್ಲಿ ವಾರ್ನಿಶ್ ಬೆಳ್ಳಗಾಗುತ್ತದೆ. ಏನು ಮಾಡಲಿ?

ಸ್ಪ್ರೇಯ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಮಂಗಳೂರು, ಉಡುಪಿಯ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಪ್ರೇ ವಾರ್ನಿಶ್ ಬಿಟ್ಟೇಬಿಡಿ, ಬ್ರಷ್‌ನಲ್ಲಿ ಹಚ್ಚಿ. ಮ್ಯಾಟ್ ವಾರ್ನಿಶ್ ಆದರೆ ಬಾಟಲಿಯನ್ನು ಒಂದೆರಡು ನಿಮಿಷ ಚೆನ್ನಾಗಿ ಕಲಕಿ. ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ, ಕಲಕದೆ ಹಚ್ಚಿದರೆ ಒಂದು ಕಡೆ ಹೊಳೆದು ಇನ್ನೊಂದು ಕಡೆ ಬೂದಿ ಬಳಿದಂತೆ ಕಾಣುತ್ತದೆ.

ಶೆಲ್ಫ್‌ನಲ್ಲಿಟ್ಟ ಗೊಂಬೆ ವಾಲುತ್ತಿದೆ, ಹಳದಿಯಾಗುತ್ತಿದೆ.

ವಾಲುವುದು ಶಾಖದಿಂದ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ತೆಳು ಕಾಲು, ದಪ್ಪ ತಲೆಯ ಗೊಂಬೆ ತಾನಾಗಿಯೇ ಬಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಒಂದು ಮಧ್ಯಾಹ್ನ ಸಾಕು. ಬಿಸಿನೀರಿನಲ್ಲಿ ಕಾಲನ್ನು ಮೆತ್ತಗೆ ಮಾಡಿ, ನೆಟ್ಟಗೆ ಹಿಡಿದು, ಹಾಗೇ ಐಸ್ ನೀರಿಗೆ ಅದ್ದಿ ಒಂದು ನಿಮಿಷ ಹಿಡಿದೇ ಇರಿ. ಹಳದಿಯಾಗುವುದು ಮುಖ್ಯವಾಗಿ ಬಿಸಿಲಿನಿಂದ, ಅದನ್ನು ಹಿಂದಕ್ಕೆ ತರುವುದು ಕಷ್ಟ.

ಗಾಳಿಯಾಡದ ಡಬ್ಬಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಹೊರಬಂದ ಪ್ಲಾಸ್ಟಿಸೈಜರ್ ಮೈಮೇಲೇ ನಿಂತು ಜಿಗುಟಾಗುತ್ತದೆ. ಸೋಪಿನಲ್ಲಿ ತೊಳೆದರೆ ಹೋಗುತ್ತದೆ. ಥರ್ಮಾಕೋಲ್‌ಗೆ ತಾಗಿಸಿ ಇಡಬೇಡಿ, ಅಂಟಿಕೊಂಡು ಗುರುತು ಬೀಳುತ್ತದೆ. ಕಪ್ಪು ಗೊಂಬೆಯನ್ನು ಬಿಳಿ ಗೊಂಬೆಗೆ ಒರಗಿಸಿಡುವುದೂ ಬೇಡ, ಬಣ್ಣ ವರ್ಗವಾಗುತ್ತದೆ.

ಬ್ಲೈಂಡ್ ಬಾಕ್ಸ್‌ನಲ್ಲಿ ಸೀಕ್ರೆಟ್ ಸಿಗುವ ಸಾಧ್ಯತೆ ಎಷ್ಟು? ನಕಲಿ ಗುರುತಿಸುವುದು ಹೇಗೆ?

ಬ್ಲೈಂಡ್ ಬಾಕ್ಸ್ ಅಂದರೆ ಒಳಗೆ ಯಾವ ಗೊಂಬೆ ಇದೆ ಎಂದು ತೆರೆಯುವವರೆಗೆ ಗೊತ್ತಾಗದ ಪೆಟ್ಟಿಗೆ, ಸೀಕ್ರೆಟ್ ಅಂದರೆ ಸರಣಿಯ ಅಪರೂಪದ ಗೊಂಬೆ. ಚೀನಾದ ಪಾಪ್ ಮಾರ್ಟ್ ಕಂಪನಿಯ ಹಲವು ಲಬುಬು ಸರಣಿಗಳಲ್ಲಿ ಸೀಕ್ರೆಟ್‌ನ ಪ್ರಮಾಣ 72ಕ್ಕೆ 1. ಬಿಡಿಬಿಡಿಯಾಗಿ 12 ಪೆಟ್ಟಿಗೆ ಕೊಂಡರೂ ಸಿಗುವ ಸಾಧ್ಯತೆ ಶೇ 15ರಷ್ಟು. ಅರ್ಧಕ್ಕರ್ಧ ಅವಕಾಶ ಬೇಕಾದರೆ 50 ಪೆಟ್ಟಿಗೆ ಕೊಳ್ಳಬೇಕು. ಅದಕ್ಕಿಂತ ಬೇಕಾದ ಗೊಂಬೆಯನ್ನೇ ಇನ್ನೊಬ್ಬ ಸಂಗ್ರಹಕಾರರಿಂದ ಕೊಳ್ಳುವುದು ಹೆಚ್ಚಿನ ಸಲ ಅಗ್ಗ. ಲಬುಬು 2015ರಲ್ಲಿ ಕಲಾವಿದ ಕಾಸಿಂಗ್ ಲುಂಗ್ ರೂಪಿಸಿದ ಪಾತ್ರ, 2019ರಿಂದ ಪಾಪ್ ಮಾರ್ಟ್ ಮಾರುತ್ತಿದೆ. 2025ರ ಜೂನ್‌ನಲ್ಲಿ ಬೀಜಿಂಗ್‌ನ ಹರಾಜಿನಲ್ಲಿ 131 ಸೆಂ.ಮೀ. ಎತ್ತರದ್ದೊಂದು 10.8 ಲಕ್ಷ ಯುವಾನ್‌ಗೆ ಹೋದ ಮೇಲೆ ನಕಲಿಗಳ ಹಾವಳಿ ಇನ್ನೂ ಜಾಸ್ತಿ. ಹಲ್ಲು ಎಣಿಸಿ: ಅಸಲಿಯಲ್ಲಿ 9. ಪಾದದ ಅಚ್ಚು, ಪೆಟ್ಟಿಗೆಯ ಕ್ಯೂಆರ್ ಕೋಡ್ ತೆರೆಯುವ ಜಾಲತಾಣದ ವಿಳಾಸ ಎರಡನ್ನೂ ನೋಡಿ. ನಕಲಿ ತಾಣಗಳೂ ‘ಅಸಲಿ’ ಎಂದೇ ಉತ್ತರ ಕೊಡುತ್ತವೆ.

ಹೊರದೇಶದಿಂದ ತರಿಸಿದರೆ ಸುಂಕ ಎಷ್ಟು?

ಗೊಂಬೆಗಳ ಮೇಲಿನ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಜಿಎಸ್‌ಟಿ ಬೇರೆ. ಕೊಳ್ಳುವ ಮೊದಲು ಈಗಿನ ದರ ನೋಡಿಕೊಳ್ಳಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲಿನ 15+ ಎಂಬ ಮುದ್ರಣಕ್ಕೆ ಇಲ್ಲಿ ಬೆಲೆ ಬರುತ್ತದೆ, ಬಿಲ್ಲಿನಲ್ಲೂ ಸಂಗ್ರಹಯೋಗ್ಯ ಗೊಂಬೆ ಎಂದು ಬರೆಸಿ.

ಯಾರ ಕೆಲಸ ನೋಡಿ ಕಲಿಯಬೇಕು?

ಹಕ್ ಗೀ ಅವರ ಡನ್ನಿಗಳಲ್ಲಿ ಕತ್ತಿ, ಕವಚ, ಬಟ್ಟೆ ಎಲ್ಲ ಬೇರೆ ಬೇರೆ ಭಾಗವಾಗಿ ತಯಾರಾಗಿ ಹೇಗೆ ಕೂರುತ್ತವೆ ಎಂದು ಗಮನಿಸಿ. ಇಂಗ್ಲೆಂಡಿನ ಜಾನ್-ಪಾಲ್ ಕೈಸರ್ ಕಪ್ಪು-ಬಿಳುಪಿನಲ್ಲೇ ನೆರಳು ಬೆಳಕು ತರುತ್ತಾರೆ. ಬಣ್ಣ ಬೆರೆಸುವ ಭಯ ಇರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಸ್ಕೆಟ್ ಒನ್ ಕೆಚಪ್ ಬಾಟಲಿಯಂಥ ದಿನಬಳಕೆಯ ವಸ್ತುಗಳನ್ನು ಗೊಂಬೆಯ ಆಕಾರಕ್ಕೆ ಒಗ್ಗಿಸುವ ಬಗೆ ಚೆನ್ನ. ಕೈಜೂ (ಜಪಾನಿನ ದೈತ್ಯ ರಾಕ್ಷಸ) ಗೊಂಬೆಗಳ ಮೇಲಿನ ಸ್ಪ್ರೇ ಪದರಗಳಿಗೆ ಮಾರ್ಕ್ ನಗಾಟಾ ಅವರ ಕೆಲಸ ನೋಡಿ.

ನಾನು ಮಾಡಿದ್ದನ್ನು ಮಾರಬಹುದೇ? ಕಳಿಸುವುದು ಹೇಗೆ?

ಕೊಂಡ ಗೊಂಬೆಯ ಮೇಲೆ ಕೆಲಸ ಮಾಡಿ ಒಂದೇ ಒಂದು ಪ್ರತಿಯಾಗಿ ಮಾರುವುದು ಈ ವಲಯದಲ್ಲಿ ಎಲ್ಲರೂ ಒಪ್ಪಿಕೊಂಡಿರುವ ರೂಢಿ. ಮೂಲ ಗೊಂಬೆ ಯಾವುದು, ಯಾರದು ಎಂದು ಹೇಳಬೇಕು. ಅಧಿಕೃತ ಆವೃತ್ತಿ ಎಂಬ ಭಾವನೆ ಬರಿಸಬಾರದು. ಇನ್ನೊಬ್ಬರ ಗೊಂಬೆಗೆ ಸಿಲಿಕೋನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕ ಹೊಯ್ದು ಮಾರಿದರೆ ಅದು ಕಸ್ಟಮ್ ಅಲ್ಲ, ಕಳ್ಳ ಪ್ರತಿ. ಚಿಕ್ಕ ಮಕ್ಕಳಿರುವ ಮನೆಯವರು ಕೇಳಿದರೆ ಇದು ಆಡುವ ಗೊಂಬೆಯಲ್ಲ, ಕಳಚುವ ಭಾಗಗಳಿವೆ ಎಂದು ಮೊದಲೇ ತಿಳಿಸಿ.

ಕಮಿಷನ್, ಅಂದರೆ ಬೇರೆಯವರಿಗಾಗಿ ಮಾಡಿಕೊಡುವ ಕೆಲಸ ಒಪ್ಪಿಕೊಂಡರೆ ಗೊಂಬೆಯ ಬೆಲೆ ಮತ್ತು ಅರ್ಧ ಕೂಲಿ ಮುಂಗಡ ತೆಗೆದುಕೊಳ್ಳಿ, ಪ್ರೈಮರ್ ಬೀಳುವ ಮೊದಲು ಸ್ಕೆಚ್‌ಗೆ ಒಪ್ಪಿಗೆ ಪಡೆಯಿರಿ. ಕೊನೆಯ ವಾರ್ನಿಶ್ ಆಗಿ ಒಂದು ವಾರ ಕಳೆಯದೆ ಪಾರ್ಸೆಲ್ ಮಾಡಬೇಡಿ. ಬಬಲ್ ರ‍್ಯಾಪನ್ನು ನೇರವಾಗಿ ಸುತ್ತಿದರೆ ಹೊಸ ವಾರ್ನಿಶ್ ಮೇಲೆ ಗುಳ್ಳೆಗಳ ಅಚ್ಚು ಬೀಳುತ್ತದೆ. ಮೊದಲು ಬಟರ್ ಪೇಪರ್, ಅದರ ಮೇಲೆ ಬಬಲ್ ರ‍್ಯಾಪ್. ಕೊಂಬು, ಕತ್ತಿಯಂಥ ಚಾಚಿದ ಭಾಗಗಳ ಸುತ್ತ ಸ್ಪಂಜು ಕತ್ತರಿಸಿ ತುಂಬಿ, ಪೆಟ್ಟಿಗೆ ಅಲ್ಲಾಡಿಸಿದಾಗ ಸದ್ದು ಬರಬಾರದು.